ಗೌರವಧನವೆಂಬ ಅಗೌರವ

ಬಹುಕಾಲ ಕನ್ನಡ ವ್ಯಾಕರಣವನ್ನು ಪಾಠ ಹೇಳಿದವನಿಗೆ ಕೆಲವು ಪದಗಳ ಮೇಲೆ ಅನುಮಾನ ಹುಟ್ಟುವುದು ಸಹಜ. ಅಂಥದೊಂದು ಪದವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ: ಗೌರವಧನ. ಸಮಾಸ ಬಿಡಿಸಿದರೆ ಗೌರವಾರ್ಥವಾಗಿ ಕೊಡುವ ಧನ. ಕವಿಗೋಷ್ಠಿಗೆ ಬಂದ ಕವಿಗೆ ಹಾರದೊಡನೆ ಕೊಡುವ ಲಕೋಟೆಗೆ ಈ ಹೆಸರು ಒಪ್ಪುತ್ತದೆ. ಆದರೆ ಶಾಲೆಯ ಪ್ರತಿದಿನವೂ ಒಲೆಯ ಮುಂದೆ ನಿಂತು ಮಕ್ಕಳಿಗೆ ಅನ್ನ ಬೇಯಿಸುವ ಹೆಣ್ಣುಮಕ್ಕಳಿಗೆ ಕೊಡುವ ಹಣಕ್ಕೂ ನಮ್ಮ ಸರ್ಕಾರಗಳು ಇದೇ ಹೆಸರಿಟ್ಟಿವೆ. ಇದರ ಹಿಂದೆ ಒಂದು ಜಾಣತನವಿದೆ. ವೇತನ ಎಂದರೆ ಕನಿಷ್ಠ ವೇತನದ ಕಾನೂನು ಎದುರು ಬಂದು ನಿಲ್ಲುತ್ತದೆ. ಗೌರವಧನ ಎಂದರೆ ಆ ಕಾನೂನು ಹೊಸ್ತಿಲಾಚೆಯೇ ಉಳಿಯುತ್ತದೆ.

ನಿಮ್ಮಲ್ಲಿ ಕಿರಿಯರಾದವರು ಬಿಸಿಯೂಟವನ್ನು ಉಂಡೇ ಬೆಳೆದವರು. ಶಾಲಾಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಆದೇಶಿಸಿತು. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಮೊದಲಿಗೆ ಮುಖ್ಯವಾಗಿ ಅನ್ನ, ಸಾರು. 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. ಮುಂದೆ ಮೊಟ್ಟೆ ಬಂತು. 2024ರಲ್ಲಿ ರಾಗಿ ಮಾಲ್ಟ್ ಬಂತು. ಅದೇ ವರ್ಷ ಮೊಟ್ಟೆಯ ವಿತರಣೆ ವಾರಕ್ಕೆ ಆರು ದಿನಕ್ಕೆ ಏರಿತು. ಇವೆಲ್ಲವೂ ಆಗಲೇಬೇಕಾಗಿದ್ದ ಕಾರ್ಯಗಳು. ಆದರೆ ಹಾಲು ತಾನಾಗಿ ಕಾಯುವುದಿಲ್ಲ, ಮೊಟ್ಟೆ ತಾನಾಗಿ ಸುಲಿದುಕೊಳ್ಳುವುದಿಲ್ಲ. ಕೆಲಸವೆಲ್ಲ ಅವೇ ಕೈಗಳಿಗೆ ಬಿತ್ತು.

ಈಗ ಲೆಕ್ಕ ನೋಡಿ. ಅಡುಗೆಯವರಿಗೆ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು ಎಂದು ಕೇಂದ್ರ ಸರ್ಕಾರ 2009ರಲ್ಲಿ ಗೊತ್ತುಪಡಿಸಿತು. ಅನಂತರದ ಹದಿನೈದು ವರ್ಷಗಳಲ್ಲಿ ಬೇಳೆ, ಎಣ್ಣೆ, ಮನೆಬಾಡಿಗೆ ಎಲ್ಲವೂ ಏರಿದವು. ಆ ಸಾವಿರ ಮಾತ್ರ ಕದಲಲಿಲ್ಲ. 2021ರಲ್ಲಿ ಯೋಜನೆಯ ಹೆಸರು ಪಿಎಂ ಪೋಷಣ್ ಎಂದು ಬದಲಾಯಿತು, ಮೊತ್ತ ಬದಲಾಗಲಿಲ್ಲ. ರಾಜ್ಯ ಸರ್ಕಾರ ತನ್ನ ಕಡೆಯಿಂದ ಸೇರಿಸಿದ್ದನ್ನು ನಾನು ಮರೆಮಾಚುವುದಿಲ್ಲ. 2022ರಲ್ಲಿ ಒಂದು ಸಾವಿರ, 2025ರಲ್ಲಿ ಮತ್ತೊಂದು ಸಾವಿರ ಏರಿಸಿತು. ಆ ಏರಿಕೆಯಾದ ಮೇಲೂ ಮುಖ್ಯ ಅಡುಗೆಯವರಿಗೆ ದೊರೆತದ್ದು ತಿಂಗಳಿಗೆ 4,700. ಇಪ್ಪತ್ನಾಲ್ಕು ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ ಇನ್ನೂರು ರೂಪಾಯಿಯೂ ಆಗದು. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಇತ್ತ ನನ್ನಂಥವರ ನಿವೃತ್ತಿವೇತನ 2018ರಲ್ಲಿ ಆರನೆಯ, 2024ರಲ್ಲಿ ಏಳನೆಯ ವೇತನ ಆಯೋಗದಿಂದ ಪರಿಷ್ಕೃತವಾಗಿದೆ. ಮನೆಯಲ್ಲಿ ಕುಳಿತವನಿಗೆ ಬೆಲೆಯೇರಿಕೆಯ ಪರಿಹಾರವುಂಟು, ಒಲೆಯ ಮುಂದೆ ನಿಂತವಳಿಗಿಲ್ಲ!

“ಅದು ನಾಲ್ಕು ಗಂಟೆಯ ಕೆಲಸವಷ್ಟೇ” ಎಂಬುದು ಎದುರು ವಾದ. ಬೆಳಿಗ್ಗೆ ಹಾಲು ಕಾಯಿಸಿ, ಅಕ್ಕಿ ಆರಿಸಿ, ತರಕಾರಿ ಹೆಚ್ಚಿ, ಬಡಿಸಿ, ಪಾತ್ರೆ ಬೆಳಗಿ, ಅಡುಗೆಮನೆ ತೊಳೆದು ಹೊರಡುವಷ್ಟರಲ್ಲಿ ಹಗಲಿನ ಬಹುಪಾಲು ಕಳೆದಿರುತ್ತದೆ. ಅಲ್ಲದೆ ಇದು ನಟ್ಟನಡುಹಗಲಿನ ಕೆಲಸ. ಇದನ್ನು ಮುಗಿಸಿ ಬರುವವಳಿಗೆ ಯಾವ ಗದ್ದೆಯ ಯಜಮಾನ, ಯಾವ ಗಾರ್ಮೆಂಟ್ಸ್ ಕಾರ್ಖಾನೆ ಪೂರ್ಣದಿನದ ಕೂಲಿ ಕೊಡುತ್ತದೆ? ಅರೆಕಾಲಿಕವೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಕನಿಷ್ಠ ವೇತನದ ದರದಲ್ಲಿ ಗಂಟೆಗಳನ್ನು ಲೆಕ್ಕಹಾಕಿ ಕೊಡಲಿ.

ನ್ಯಾಯಾಲಯಗಳು ಈ ಮಾತನ್ನು ಎಂದೋ ಆಡಿವೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೆಂದು ಸುಪ್ರೀಂ ಕೋರ್ಟ್ 1982ರಲ್ಲಿ, ಏಷ್ಯಾಡ್ ಕಾಮಗಾರಿಯ ಕಾರ್ಮಿಕರ ಮೊಕದ್ದಮೆಯಲ್ಲಿ ಹೇಳಿತು. 2020ರ ಡಿಸೆಂಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ಅದೇ ತತ್ತ್ವವನ್ನು ಬಿಸಿಯೂಟದ ಅಡುಗೆಯವರಿಗೆ ಅನ್ವಯಿಸಿತು. ಅಂಗನವಾಡಿ ಕಾರ್ಯಕರ್ತೆಯರು ಗ್ರಾಚ್ಯುಟಿಗೆ ಅರ್ಹರು, ಗೌರವಧನವೆಂದು ಕರೆದ ಮಾತ್ರಕ್ಕೆ ಅದು ವೇತನವಲ್ಲದೆ ಹೋಗದು ಎಂಬ ತೀರ್ಪು ಸುಪ್ರೀಂ ಕೋರ್ಟಿನಿಂದ 2022ರಲ್ಲಿ ಬಂತು. 2013ರಲ್ಲೇ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಇಂಥ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಮಾನ್ಯ ಮಾಡಿರೆಂದು ಶಿಫಾರಸು ಮಾಡಿತ್ತು. ಕಡತಕ್ಕೆ ಧೂಳು ಹಿಡಿಯಿತು.

ಬೇಡಿಕೆ ದೊಡ್ಡದೇನಲ್ಲ. ಮೊದಲು ಹೆಸರು ಬದಲಾಗಲಿ: ಅದು ವೇತನ. ಹನ್ನೆರಡು ತಿಂಗಳೂ ಬರಲಿ. ಬೇಸಿಗೆ ರಜೆಯಲ್ಲಿ ಶಾಲೆಯ ಒಲೆ ಆರುತ್ತದೆಯೇ ಹೊರತು ಆಕೆಯ ಮನೆಯ ಒಲೆಯಲ್ಲ. ನೌಕರರ ತುಟ್ಟಿಭತ್ಯೆಯಂತೆ ಇದೂ ಬೆಲೆಯೊಡನೆ ಏರಲಿ. ವಯಸ್ಸಾಗಿ ಸೌಟು ಕೆಳಗಿಟ್ಟ ದಿನ ಬರಿಗೈಯಲ್ಲಿ ಕಳುಹಿಸದಿರಲಿ.

ನನ್ನ ವಿದ್ಯಾರ್ಥಿಗಳಲ್ಲಿ ಈಗ ಕಚೇರಿಗಳಲ್ಲಿರುವವರು, ಪಂಚಾಯಿತಿಯಲ್ಲಿರುವವರು, ಪತ್ರಿಕೆಗಳಿಗೆ ಬರೆಯುವವರು ಇದ್ದೀರಿ. ಗುರುದಕ್ಷಿಣೆಯ ಮಾತನ್ನು ನಾನೆಂದೂ ಆಡಿದವನಲ್ಲ, ಇಂದು ಆಡುತ್ತೇನೆ. ಈ ವಿಷಯವಾಗಿ ನಿಮ್ಮ ಶಾಸಕರಿಗೆ, ಸಂಸದರಿಗೆ ಒಂದೊಂದು ಪತ್ರ ಬರೆಯಿರಿ. ಬರೆಯುವಾಗ ಗೌರವಧನವೆಂದು ಬರೆಯಬೇಡಿ, ವೇತನವೆಂದೇ ಬರೆಯಿರಿ.