ಘಟಪ್ರಭೆಯ ಒಡೆತನ ಯಾರದು?

ಬೇಸಿಗೆ ಬಲಿತು ಹಿಡಕಲ್ ಜಲಾಶಯದ ನೀರು ಇಳಿದಾಗ ಹುಕ್ಕೇರಿ ತಾಲ್ಲೂಕಿನ ಹುನ್ನೂರಿನ ಹಳೆಯ ವಿಠ್ಠಲ ಮಂದಿರ ಮತ್ತೆ ಕಣ್ಣಿಗೆ ಬೀಳುತ್ತದೆ. ಜನ ಹೋಗಿ ಕೈಮುಗಿಯುತ್ತಾರೆ. ಪತ್ರಿಕೆಗಳು ಚಿತ್ರ ಮುದ್ರಿಸುತ್ತವೆ. ಮಳೆ ಹಿಡಿಯುತ್ತಲೇ ಮಂದಿರವೂ ಮರೆಯಾಗುತ್ತದೆ, ಪ್ರಶ್ನೆಯೂ ಮರೆಯಾಗುತ್ತದೆ. ಅಣೆಕಟ್ಟು ಪೂರ್ಣಗೊಂಡದ್ದು 1977ರಲ್ಲಿ. ಆದರೆ ಅದಕ್ಕೆ ಸುಮಾರು ನೂರು ವರ್ಷ ಮೊದಲೇ ಈ ಕಣಿವೆ ಒಂದು ಕಾನೂನಿನಲ್ಲಿ ಮುಳುಗಿಹೋಗಿತ್ತು.

ಅದು 1879ರ ಮುಂಬಯಿ ನೀರಾವರಿ ಕಾಯಿದೆ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1876-78ರ ಘೋರ ಕ್ಷಾಮದ ನೆನಪು ಇನ್ನೂ ಹಸಿಯಾಗಿತ್ತು. ಯಾವುದೇ ನದಿಯ ನೀರು ಕಾಲುವೆಗೆ ಬೇಕೆಂದು ಸರ್ಕಾರಕ್ಕೆ ತೋರಿದರೆ ಸಾಕು, ಒಂದು ಅಧಿಸೂಚನೆಯ ಮೂಲಕ ಅದನ್ನು ಬಳಸಿಕೊಳ್ಳಬಹುದೆಂದು ಆ ಕಾಯಿದೆ ಸಾರಿತು. ದಡದ ಊರುಗಳ ಒಪ್ಪಿಗೆ ಅದಕ್ಕೆ ಬೇಕಿರಲಿಲ್ಲ.

ಈ ಧೈರ್ಯ ಸರ್ಕಾರಕ್ಕೆ ಬಂದದ್ದು ಇಂಗ್ಲೆಂಡಿನ ಹೊಸ ವಿಚಾರಗಳಿಂದ. ಬಹುಜನರ ಬಹುಸುಖವೇ ಕಾನೂನಿನ ಅಳತೆಗೋಲೆಂದು ಬೆಂಥಮ್ ಬೋಧಿಸಿದ. ಅವನ ಶಿಷ್ಯ ಜೇಮ್ಸ್ ಮಿಲ್ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಿರಿಯ ಅಧಿಕಾರಿಯಾಗಿದ್ದ; ಮಗ ಜಾನ್ ಸ್ಟುವರ್ಟ್ ಮಿಲ್ ಕೂಡ ಅದೇ ಕಚೇರಿಯಲ್ಲಿ ದುಡಿದ. ಸ್ವಾತಂತ್ರ್ಯದ ಕುರಿತು ಲೋಕಕ್ಕೆ ಪಾಠ ಹೇಳಿದ ಆ ಮಗನೇ ಭಾರತದಂತಹ ದೇಶಗಳಿಗೆ ಅದು ಸದ್ಯಕ್ಕೆ ಸಲ್ಲದೆಂದೂ ಬರೆದ. ಬಹುಸುಖದ ಲೆಕ್ಕ ಇಲ್ಲಿಗೆ ಬಂತು. ಲೆಕ್ಕ ಕೇಳುವ ಹಕ್ಕು ಬರಲಿಲ್ಲ.

ಹಾಗೆಂದು ಹಳೆಯ ವ್ಯವಸ್ಥೆಯನ್ನು ಹೊಗಳಬೇಕಾಗಿಲ್ಲ. ಊರ ಬಾವಿಯನ್ನು ದಲಿತರಿಗೆ ಮುಚ್ಚಿದ್ದ ಸಮಾಜವದು. ಕ್ಷಾಮದಲ್ಲಿ ಸತ್ತವರಿಗೆ ಆ ವ್ಯವಸ್ಥೆ ಅನ್ನವನ್ನೂ ಕೊಡಲಿಲ್ಲ. ಧೂಪದಾಳದ ಒಡ್ಡು, ಅಲ್ಲಿಂದ ಹೊರಟ ಕಾಲುವೆ ಒಣಭೂಮಿಗೆ ನೀರುಣಿಸಿದ್ದು ಸತ್ಯ. 1885ರಲ್ಲಿ ಆರಂಭವಾದ ಕಂಪನಿ ಗೋಕಾಕ ಜಲಪಾತದ ಶಕ್ತಿಯಿಂದ ಹತ್ತಿಗಿರಣಿ ನಡೆಸಿದ್ದೂ ಸತ್ಯ. 1887ರಲ್ಲಿಯೇ ಇಲ್ಲಿ ವಿದ್ಯುತ್ ಹುಟ್ಟಿತೆಂದು ಊರು ಇಂದಿಗೂ ಹೆಮ್ಮೆಪಡುತ್ತದೆ. ಜಾತಿ ಕಟ್ಟಿಕೊಟ್ಟ ಕಸುಬನ್ನು ಬಿಟ್ಟು ಸಂಬಳದ ದುಡಿಮೆಗೆ ಹೋಗುವ ದಾರಿಯನ್ನು ಗಿರಣಿ ತೆರೆಯಿತು. ಆದರೆ ಅಂದಿನಿಂದ ನದಿಯೆಂದರೆ ಸುಮ್ಮನೆ ಹರಿದರೆ ನಷ್ಟ, ತಡೆದರೆ ಲಾಭ ಎಂಬ ನಂಬಿಕೆ ಬೇರುಬಿಟ್ಟಿತು. ಬ್ರಿಟಿಷರು ಹೋದರು, ಈ ನಂಬಿಕೆ ಹೋಗಲಿಲ್ಲ. ಕೃಷ್ಣಾ ನ್ಯಾಯಾಧಿಕರಣ 1973ರಲ್ಲಿ ನೀರನ್ನು ರಾಜ್ಯಗಳಿಗೆ ಟಿಎಂಸಿಗಳಲ್ಲಿ ಹಂಚಿತು. ಹಿಡಕಲ್ಲಿನ ಪಾತ್ರೆ 51 ಟಿಎಂಸಿಯದು. ಮುಳುಗಡೆಯಾದ ಊರುಗಳ ದುಃಖವನ್ನು ಅಳೆಯಲು ಅಂತಹ ಮಾನವೊಂದಿಲ್ಲ.

ವಿಚಿತ್ರವೆಂದರೆ, ಇದಕ್ಕೆ ಮದ್ದಾಗಬಲ್ಲ ಇನ್ನೊಂದು ಹೊಸ ವಿಚಾರವೂ ಇದೇ ನೆಲಕ್ಕೆ ಬಂದಿತ್ತು: ಸಹಕಾರ. 1904ರ ಕಾಯಿದೆಯ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಪತ್ತಿನ ಸಂಘ ಕಟ್ಟಿದರು. ಸಂಕೇಶ್ವರದ ರೈತರು ಹಿರಣ್ಯಕೇಶಿಯ ಹೆಸರಿನಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದರು. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಹುಟ್ಟಿತು. ರೂಸ್ವೆಲ್ಟ್ ಕಾಲದ ಅಮೆರಿಕದಲ್ಲಿ ಹಳ್ಳಿಗರು ತಾವೇ ಕಂಬ ನೆಟ್ಟು ತಂತಿ ಎಳೆದ ಪ್ರಯೋಗದ ಮಾದರಿಯಲ್ಲಿ ಭಾರತ ಆಯ್ದುಕೊಂಡ ಮೊದಲ ಐದು ಸಂಘಗಳಲ್ಲಿ ಅದೂ ಒಂದು. ಕೆಲವು ಕಾಲಾಂತರದಲ್ಲಿ ಕಣ್ಮುಚ್ಚಿದವು. ಹುಕ್ಕೇರಿಯದು ಉಳಿಯಿತು, ಪಕ್ಷರಾಜಕಾರಣದ ಅಖಾಡವಾದರೂ ಉಳಿಯಿತು. ಗುಡಿಸಲಿನ ದೀಪದ ಲೆಕ್ಕವನ್ನು ಸದಸ್ಯನು ವಾರ್ಷಿಕ ಸಭೆಯಲ್ಲಿ ಎದ್ದುನಿಂತು ಕೇಳಬಹುದು.

ಕಂಬ, ತಂತಿ, ಕಬ್ಬು, ಸಾಲ ಇವೆಲ್ಲಕ್ಕೂ ಸಲ್ಲುವ ಈ ತತ್ತ್ವ ನದಿಗೆ ಮಾತ್ರ ಏಕೆ ಸಲ್ಲದು? 2000ದಲ್ಲಿ ನೀರಾವರಿ ಕಾಯಿದೆಗೆ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅವಕಾಶ ಕೊಡಲಾಯಿತು. ಹೂಳೆತ್ತುವುದು, ಕರ ವಸೂಲು ಮಾಡುವುದು ಸಂಘದ ಪಾಲಿಗೆ; ಗೇಟು ಎಂದು, ಎಷ್ಟು ತೆರೆಯಬೇಕೆಂಬ ನಿರ್ಧಾರ ಮಂತ್ರಿ, ಅಧಿಕಾರಿಗಳ ಪಾಲಿಗೆ. ಇದು ಸಹಕಾರವಲ್ಲ, ಸಂಬಳವಿಲ್ಲದ ಸರ್ಕಾರಿ ಚಾಕರಿ.

ಇದರ ಫಲ ಹೊಳೆಯ ದಡದವರಿಗೆ ಗೊತ್ತು. 2019ರ ಆಗಸ್ಟಿನಲ್ಲಿ ಘಟ್ಟದ ಮಳೆ, ಜಲಾಶಯದಿಂದ ಬಿಟ್ಟ ನೀರು, ಹಿರಣ್ಯಕೇಶಿ, ಮಾರ್ಕಂಡೇಯ ಎಲ್ಲವೂ ಒಂದಾಗಿ ಬಂದಾಗ ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಪಟ್ಟಣದ ಮನೆಗಳಿಗೆ ನೀರು ನುಗ್ಗಿತು, ಮೂಡಲಗಿ ತಾಲ್ಲೂಕಿನ ನದೀತೀರದ ಹೊಲಗಳು ಹೊಳೆಯಾದವು. ಹಿಡಕಲ್ಲಿನ ನೀರನ್ನು ಧಾರವಾಡದ ಕಡೆಯ ಕೈಗಾರಿಕೆಗಳಿಗೆ ಒಯ್ಯುವ ಕೊಳವೆ ಕಾಮಗಾರಿಗೆ 2025ರಲ್ಲಿ ಬೆಳಗಾವಿಯಲ್ಲಿ ವಿರೋಧವೆದ್ದಿತು. ವಿರೋಧ ನ್ಯಾಯವಾದದ್ದೇ. ಆದರೆ ವಾದವೆಲ್ಲ ಜಿಲ್ಲೆಯ ಪಾಲಿನ ಸುತ್ತಲೇ ಸುತ್ತಿದರೆ, ನಾಳೆ ಇದೇ ಜಿಲ್ಲೆಯೊಳಗಿನ ಬಲಿಷ್ಠರು ಕಾಲುವೆಯ ತುದಿಯ ಬಡ ರೈತನ ನೀರನ್ನು ಕಸಿದಾಗ ಯಾವ ಮಾತು ಉಳಿದೀತು?

ಕೇಳಬೇಕಾದದ್ದು ಬಹಳವೇನಲ್ಲ. ಜಲಾಶಯಕ್ಕೆ ಬಂದ ನೀರು, ಬಿಟ್ಟ ನೀರು, ಅದನ್ನು ಪಡೆದವರ ಹೆಸರು ಪ್ರತಿದಿನ ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯತಿಯ ಗೋಡೆಗೆ ಬರಲಿ. ಮಳೆಗಾಲಕ್ಕೆ ಮುನ್ನ ಗೇಟಿನ ವೇಳಾಪಟ್ಟಿಯನ್ನು ಗ್ರಾಮಸಭೆಗಳ ಮುಂದೆ ಓದಲಿ. ಹೊಸ ಕೊಳವೆಗೆ ಕಡತದಲ್ಲಿ ಸಹಿ ಬೀಳುವ ಮೊದಲು ಕಾಲುವೆಯ ಕೊನೆಯ ಹಳ್ಳಿಯ ಸಂಘ ಕೈಯೆತ್ತಿ ಒಪ್ಪಲಿ, ಒಪ್ಪದಿದ್ದರೆ ಕೊಳವೆ ಅಲ್ಲಿಗೇ ನಿಲ್ಲಲಿ.