'ರೈತಮಿತ್ರ' ಸೂಕ್ಷ್ಮಜೀವಿಯಂತೆ... ಯಾವ ರೈತನಿಗೆ ಸ್ವಾಮಿ?

ಬಗ್ ಹಿಡಿಯೋದೇ ಹೊಟ್ಟೆಪಾಡಾಗಿರೋ ನನಗೆ ನಿಜವಾದ ಹುಳಗಳ ಬಗ್ಗೆ ಓದೋದು ಒಂದು ಚಟ. ಹಾಗೆ ಓದುವಾಗ ಮೈ ಉರಿಸೋ ಪದ ಒಂದಿದೆ: 'ರೈತಮಿತ್ರ ಸೂಕ್ಷ್ಮಜೀವಿ'. ಕಾಫಿಯ ಕಾಯಿಕೊರಕದ ಬಗ್ಗೆ ಬರೆಯೋರಿಗಂತೂ ಈ ಪದ ಇಲ್ಲದಿದ್ರೆ ಪ್ಯಾರಾ ಮುಗಿಯೋದೇ ಇಲ್ಲ.

ಈ ಕಾಯಿಕೊರಕ ತೊಗಟೆ ಜೀರುಂಡೆಗಳ ವಂಶದ್ದು. ಆದ್ರೆ ತೊಗಟೆ ಬಿಟ್ಟು ಕಾಫಿಬೀಜಕ್ಕೆ ಬಿದ್ದಿದೆ. ಉದ್ದ 2 ಮಿಲಿಮೀಟರೂ ಇಲ್ಲ. ಆಫ್ರಿಕಾ ಮೂಲದ ಇದು ಭಾರತದಲ್ಲಿ ಮೊದಲು ಕಂಡಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಲ್ಲಿ. ಆಮೇಲೆ ಕೊಡಗಿಗೂ ಬಂತು. ಇದನ್ನ ಕೊಲ್ಲೋ ಶಿಲೀಂಧ್ರ ಬವೇರಿಯಾ ಬ್ಯಾಸಿಯಾನ. ಅದರ ಬೀಜಕಣ ಹುಳದ ಮೈಗಂಟಿ, ಮೊಳೆತು, ಚರ್ಮ ತೂರಿ ಒಳಗೆ ಹೋಗುತ್ತೆ. ಕೊನೆಗೆ ಸತ್ತ ಹುಳದ ಮೇಲೆ ಬಿಳಿ ಬೂಷ್ಟು.

ಸರಿ, ಮಿತ್ರನೇ ಅನ್ನೋಣ. ರಾಮನಗರದ ರೇಷ್ಮೆ ಬೆಳೆಗಾರರ ಹತ್ರ ಹೋಗಿ ಹಾಗೆ ಹೇಳಿ ನೋಡೋಣ! ಅವರ ಹುಳುಗಳನ್ನ ಸುಣ್ಣದ ಕಡ್ಡಿ ಮಾಡೋ ಸುಣ್ಣಕಟ್ಟು ರೋಗಕ್ಕೆ ಕಾರಣ ಇದೇ ಜಾತಿಯ ಶಿಲೀಂಧ್ರ. ಇಟಲಿಯ ಅಗೊಸ್ಟಿನೊ ಬಾಸ್ಸಿ ಇದನ್ನ 1835ರಲ್ಲೇ ತೋರಿಸಿಕೊಟ್ಟಿದ್ದ. ಶಿಲೀಂಧ್ರದ ಹೆಸರಲ್ಲಿರೋದು ಅವನೇ. ಯೂರೋಪಿನ ಸ್ಪ್ರೂಸ್ ಮರ ಕೊರೆಯೋ ತೊಗಟೆ ಜೀರುಂಡೆಗಳ ಮೈಯಲ್ಲಿ ಸಿಗೋ ಮೈಕ್ರೋಸ್ಪೊರಿಡಿಯಾ ಅನ್ನೋ ಏಕಕೋಶ ಪರಾವಲಂಬಿಗಳೂ ಅಷ್ಟೇ. ರೇಷ್ಮೆಗೆ ಪೆಬ್ರಿನ್ ರೋಗ ತರೋ ಜೀವಿಯ ದಾಯಾದಿಗಳು ಅವು.

ಒಂದು ಪದಕ್ಕೆ ಇಷ್ಟು ಗಲಾಟೆ ಯಾಕೆ ಅಂತೀರಾ? 'ಮಿತ್ರ' ಅಂದ ತಕ್ಷಣ ಬೆಳೆಗಾರ ಪ್ಯಾಕೆಟ್ ತಂದು, ಸಿಂಪಡಿಸಿ, ನಿರಾಳ ಆಗ್ತಾನೆ. ಆದ್ರೆ ಈ ಶಿಲೀಂಧ್ರಕ್ಕೆ ತೇವ ಬೇಕು. ಬಿಸಿಲು ಬಿದ್ರೆ ಬೀಜಕಣ ಸಾಯುತ್ತೆ. ಹೆಣ್ಣು ಜೀರುಂಡೆ ಒಮ್ಮೆ ಬೀಜದೊಳಗೆ ಸೇರಿಕೊಂಡ್ರೆ ಸಿಂಪಡಿಸಿದ್ದು ಅಲ್ಲಿಗೆ ತಲುಪೋದೇ ಕಷ್ಟ. ಕೊಯ್ಲಾದ ಮೇಲೆ ಗಿಡದಲ್ಲಿ, ನೆಲದಲ್ಲಿ ಉಳಿದ ಕಾಯಿಗಳಲ್ಲೇ ಮುಂದಿನ ವರ್ಷದ ಕೊರಕ ಕಾದು ಕೂತಿರುತ್ತೆ. ಹಕ್ಕಲು ಆಯದೆ ಶಿಲೀಂಧ್ರ ಸಿಂಪಡಿಸೋದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಆದ್ರೆ ಆಯೋದು ಕೂಲಿ ಖರ್ಚಿನ, ಸೊಂಟ ಮುರಿಯೋ ಕೆಲಸ. ಅದರ ಬಗ್ಗೆ ಬರೆದ್ರೆ ಗ್ಲಾಮರ್ ಇಲ್ಲ ನೋಡಿ!

ಹಾಗಂತ ವಿಷ ಸುರೀರಿ ಅಂತಲ್ಲ ನನ್ನ ವಾದ. ಎಂಡೋಸಲ್ಫಾನ್‌ಗೂ ಒಂದು ಕಾಲದಲ್ಲಿ ಹೀಗೇ ಜೈಕಾರ ಹಾಕಿದ್ರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ತಡೆಯೋ ಹೊತ್ತಿಗೆ ಕಾಸರಗೋಡು, ದಕ್ಷಿಣ ಕನ್ನಡದ ಗೇರುತೋಟದ ಊರುಗಳು ಬೆಲೆ ತೆತ್ತಾಗಿತ್ತು. ಬಾಟ್ಲಿ ಬದಲಾಗಿದೆ, ಜೈಕಾರ ಬದಲಾಗಿಲ್ಲ.

ಪರಾವಲಂಬಿ ಯಾರ ಮಿತ್ರನೂ ಅಲ್ಲ, ಶತ್ರುವೂ ಅಲ್ಲ. ಅದರ ಹೊಟ್ಟೆಪಾಡು ಅದಕ್ಕೆ. ಕನ್ನಡದಲ್ಲಿ ವಿಜ್ಞಾನ ಬರೆಯೋ ನಾವು ಅದು ಎಲ್ಲಿ, ಯಾವಾಗ ಕೆಲಸ ಮಾಡುತ್ತೆ, ಯಾವಾಗ ಕೈಕೊಡುತ್ತೆ ಅಂತ ಬರೆದ್ರೆ ಸಾಕು. ಬಿರುದು-ಬಾವಲಿ ಬೇಡ.

ಏನಂತೀರಿ?