ಹಣೆಬರಹ ಅನ್ನುವ ಮೊದಲು

ಪುಣೆ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಖಡಕಿ ಅಂದರೆ ದಂಡುಪ್ರದೇಶ, ಮದ್ದುಗುಂಡಿನ ಕಾರ್ಖಾನೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಸೈನಿಕರ ಪುನರ್ವಸತಿ ಕೇಂದ್ರವೂ ಇಲ್ಲೇ ಇದೆ. ಗಾಯಗೊಂಡ ಯೋಧರಿಗೆ ಕಸುಬು ಕಲಿಸುವ, 1917ರಲ್ಲಿ ಶುರುವಾದ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯೂ ಇಲ್ಲೇ.

ಧೈರ್ಯದ ಮಾತು ಬಂದರೆ ಎಲ್ಲರೂ ಮುರಳಿಕಾಂತ್ ಪೇಟ್ಕರ್ ಹೆಸರು ಹೇಳುತ್ತಾರೆ. ಬಾಕ್ಸರ್ ಆಗಿದ್ದ ಈ ಯೋಧನಿಗೆ 1965ರ ಯುದ್ಧದಲ್ಲಿ ಗುಂಡು ತಗುಲಿ ಕಾಲುಗಳು ಹೋದವು. ಈಜಿಗಿಳಿದು, 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. ಪದ್ಮಶ್ರೀ ಬಂದದ್ದು 2018ರಲ್ಲಿ. ಅಷ್ಟು ವರ್ಷ ಕಾದದ್ದೂ ಸಹನೆಯೇ ಅನ್ನಿ!

ಆದರೆ ಪದಕವಿಲ್ಲದ ಸಹನೆ ಇನ್ನೂ ಕಠಿಣ. ಇಂಥವರಿಗೆ ಚರ್ಮ ನೊಂದದ್ದು ಗೊತ್ತಾಗುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣು, ಮೂತ್ರದ ಕೊಳವೆ ಶುಚಿಯಿಲ್ಲದಿದ್ದರೆ ಸೋಂಕು. ಹಗಲು, ರಾತ್ರಿ, ವರ್ಷಗಟ್ಟಲೆ. ಅದಕ್ಕೆ ಎದೆಗಾರಿಕೆ ಸಾಲದು, ಇನ್ನೊಬ್ಬರ ಕೈ ಬೇಕು. ಸೈನಿಕರಿಗಾಗಿ ಖಡಕಿಯಲ್ಲಿ ಆ ಕೈಗಳಿವೆ.

ಮಲೆನಾಡಿನಲ್ಲಿ ಕೊನೆ ತೆಗೆಯಲು ಅಡಿಕೆ ಮರ ಹತ್ತಿ ಬಿದ್ದವನಿಗೂ ಇದೇ ಪೆಟ್ಟು. ಆಪರೇಷನ್ ಮುಗಿದ ಮೇಲೆ ಮನೆಯ ಮೂಲೆಯ ಮಂಚವೇ ಗತಿ. ರಜೆಗೆ ಊರಿಗೆ ಹೋದ ನಾವು "ಹಣೆಬರಹ ಕಣೋ, ಧೈರ್ಯ ತಗೋ" ಎಂದು ಹಣ್ಣು ಕೊಟ್ಟು ಬರುತ್ತೇವೆ. ಬಿದ್ದದ್ದು ಹಣೆಬರಹ ಇರಬಹುದು, ಬೆನ್ನಿಗೆ ಹುಣ್ಣಾದದ್ದು ಅಲ್ಲ. ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ನಾವು ಕಳಿಸುವ ದುಡ್ಡಿನಲ್ಲಿ ಒಂದು ಪಾಲು ಗಾಳಿಹಾಸಿಗೆಗೆ, ಗಾಲಿಕುರ್ಚಿಗೆ, ವಾರಕ್ಕೆರಡು ಸಲ ಬರುವ ಫಿಸಿಯೋಥೆರಪಿಸ್ಟ್‌ಗೆ ಹೋಗಲಿ.